ಎಡಗಾಲಿನ ಹೆಣಿಗೆ

ಅಕ್ಕುತಾಯಿಯನ್ನು ಮಾತ್ರ ಯಾರೂ ದಾರಿ ಕೇಳಬಾರದು. "ಇಲ್ಲೇ ಎಡಕ್ಕ ಹೊಳ್ರಿ" ಎನ್ನುತ್ತ ಬಲಗೈ ಎತ್ತಿ ಬಲಕ್ಕೆ ತೋರಿಸುವ ಹೆಣ್ಣುಮಗಳು ಅವಳು. ಕೇಳಿದವನು ಬಾಯಿಯನ್ನು ನಂಬಬೇಕೋ ಕೈಯನ್ನು ನಂಬಬೇಕೋ ತಿಳಿಯದೆ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ಪಿಳಿಪಿಳಿ ಕಣ್ಣು ಬಿಡುತ್ತಾನೆ. ಅವಳೂ ಅವನಷ್ಟೇ ಪಿಳಿಪಿಳಿ ಬಿಡುತ್ತಾಳೆ. ಕೊನೆಗೆ ಪಕ್ಕದ ಮನೆಯ ಲಗಮಣ್ಣ ಕಟ್ಟೆಯಿಂದಲೇ ಕೂಗಬೇಕು, "ಏ ತಮ್ಮಾ, ಆಕಿನ್ನ ಏನ ಕೇಳ್ತೀಯೋ, ತನ್ನ ಮನಿಗೇ ತಾ ಕೇಳಕೋತ ಬರತಾಳ!"

ಲಗಮಣ್ಣ ಹೇಳಿದ್ದು ಪೂರಾ ಸುಳ್ಳಲ್ಲ. ತವರೂರು ಕೊಗನೊಳ್ಳಿಗೆ ಹೋಗಲು ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ನಿಪ್ಪಾಣಿ ಗಾಡಿ ಎಡಗಡೆ ನಿಲ್ಲುತ್ತದೆ ಎಂದು ಗಂಡ ಜ್ಞಾನದೇವ ಗಿಣಿಗೆ ಹೇಳಿದ ಹಾಗೆ ಹೇಳಿ ಕಳಿಸಿದರೂ ಅವಳು ಬಲಗಡೆಯ ಗಾಡಿ ಹತ್ತಿ ರಾಯಬಾಗ ನೋಡಿಕೊಂಡು ಬಂದಿದ್ದಾಳೆ. ಒಮ್ಮೆಯಾದರೆ ಸರಿ, ಮತ್ತೂ ಒಮ್ಮೆ ಹೋಗಿ ಬಂದಳು. ಕಾಲಿಗೆ ಕಾಲ್ಮರಿ, ಅಂದರೆ ಚರ್ಮದ ಚಪ್ಪಲಿ, ಹಾಕಿಕೊಳ್ಳುವಾಗಲೂ ಅಷ್ಟೇ. ಕಾಲ್ಮರಿ ಮಾಡುವವರ ಓಣಿಯ ಸೊಸೆ, ಹುಟ್ಟಿದ್ದೂ ಕಾಲ್ಮರಿ ಮಾಡುವವರ ಮನೆಯಲ್ಲಿ. ಆದರೂ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತೊಟ್ಟು ಸಂತೆಗೆ ಹೊರಟುಬಿಡುತ್ತಿದ್ದಳು. ಅಂಗುಷ್ಠ ನೋಯತೊಡಗಿದ ಮೇಲೆ ನಡುದಾರಿಯಲ್ಲಿ ಜ್ಞಾನೋದಯ.

ಮದುವೆಯಾಗಿ ಅಥಣಿ ಸೀಮೆಯ ಈ ಊರಿಗೆ ಬಂದ ದಿನದ ಕತೆಯನ್ನಂತೂ ಓಣಿ ಇನ್ನೂ ಮರೆತಿಲ್ಲ. ಅತ್ತೆ ಕೆಂಪವ್ವ ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟು, "ಬಲಗಾಲ ಇಡವಾ" ಅಂದಳು. ಹುಡುಗಿ ಧೈರ್ಯವಾಗಿ ಎಡಗಾಲು ಎತ್ತಿದಳು. "ಅದಲ್ಲ, ಇನ್ನೊಂದು!" ಎಂದು ಹೆಂಗಸರೆಲ್ಲ ಒಟ್ಟಿಗೆ ಕಿರುಚಿದ ಗಾಬರಿಗೆ ಎರಡೂ ಕಾಲು ಒಂದಕ್ಕೊಂದು ತೊಡಕಿ, ಸೇರಿನ ಜೊತೆಗೆ ಮದುಮಗಳೂ ಒಳಕ್ಕೆ ಉರುಳಿದಳು. "ಲಕ್ಷ್ಮಿ ಬರ್ತಾಳ ಅಂದ್ರ ಹಿಂಗ ಉಳ್ಳಿಕೋತ ಬರ್ತಾಳೇನ!" ಎಂದು ಕೆಂಪವ್ವ ಹಣೆ ಚಚ್ಚಿಕೊಂಡಳು. ಆದರೆ ಮುದುಕಿಯ ತುಟಿಯ ತುದಿಯಲ್ಲಿ ನಗು ಇತ್ತು.

ಕೈ ಮಾತ್ರ ಚಿನ್ನದ ಕೈ. ಈ ಓಣಿಯಲ್ಲಿ ಅಟ್ಟೆ ಕತ್ತರಿಸುವುದು ಗಂಡಸರ ಕೆಲಸ. ಪಾದದ ಮೇಲೆ ಬರುವ ಪಟ್ಟಿಗೆ ಸಣ್ಣ ಚರ್ಮದ ಎಳೆಗಳಿಂದ ಜಡೆಯಂತೆ ಹೆಣಿಗೆ ಹಾಕುವುದು ಹೆಂಗಸರ ಕೆಲಸ. ಆ ಎಳೆಗೆ ವಾದಿ ಎನ್ನುತ್ತಾರೆ, ತೂತು ಮಾಡುವ ಮೊಳೆಗೆ ಆರಿ. ಅಕ್ಕುತಾಯಿ ಹೆಣೆದ ಬಲಗಾಲಿನ ಪಟ್ಟಿಯನ್ನು ಅಥಣಿಯ ಅಂಗಡಿಕಾರರು ಬೆಳಕಿಗೆ ಹಿಡಿದು ನೋಡಿ ತಲೆದೂಗುತ್ತಿದ್ದರು. ತಂಟೆಯೆಲ್ಲ ಎಡಗಾಲಿನದ್ದು. ಒಂದು ಜೋಡಿ ಎಂದರೆ ಎರಡರ ಹೆಣಿಗೆಯೂ ಎದುರುಬದುರಾಗಿ ವಾಲಬೇಕು, ಕನ್ನಡಿ ಹಿಡಿದ ಹಾಗೆ. ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ. ಎಡದ್ದನ್ನು ಕೈಗೆತ್ತಿಕೊಂಡ ಕೂಡಲೇ ಅವಳ ತಲೆಯೊಳಗೆ ಚಿಕ್ಕೋಡಿ ಬಸ್ ಸ್ಟ್ಯಾಂಡ್ ಶುರುವಾಗುತ್ತಿತ್ತು. ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು. ಕೊನೆಗೆ ಕೆಂಪವ್ವನೇ ಕಸಿದುಕೊಂಡು, "ನೀ ಬಲಗಾಲ ನೋಡಕೋ, ಎಡಗಾಲ ನನಗ ಬಿಡ" ಎಂದು ಮುಗಿಸಿಕೊಡುತ್ತಿದ್ದಳು. ಹೀಗೆ ಅತ್ತೆ ಸೊಸೆ ಕೂಡಿ ಒಂದು ಜೋಡಿ. ಜಗಳವಾಡಿದ ದಿನ ಮನೆಯಲ್ಲಿ ಬರೀ ಬಲಗಾಲುಗಳೇ ತಯಾರಾಗುತ್ತಿದ್ದವು.

ಅವಳದ್ದು ಇನ್ನೊಂದು ರೂಢಿ ಇತ್ತು. ಕೆಲಸವಿಲ್ಲದೆ ಸುಮ್ಮನೆ ನಿಂತಾಗ ಎಡಗೈಯನ್ನು ಬೆನ್ನ ಹಿಂದೆ ಒಯ್ದು ನಡುವಿನ ಹತ್ತಿರ ಸೀರೆಗೆ ಸಿಕ್ಕಿಸಿಕೊಳ್ಳುವುದು. "ನೋಡ್ರಿ, ನಮ್ಮ ಅಕ್ಕುತಾಯಿ ಊರ ಗೌಡನಂಗ ನಿಂತಾಳ!" ಎಂದು ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಯಾಕೆ ಹಾಗೆ ನಿಲ್ಲುತ್ತೀ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಅವಳಿಗೆ ಗೊತ್ತಿರಲಿಲ್ಲ.

ಮಗಳು ಸಾರಿಕಾ ಹುಟ್ಟಿ ಮೂರು ತುಂಬುವ ಹೊತ್ತಿಗೆ ಹೊಸ ಶತಮಾನ ಬಂದು ಅಷ್ಟೇ ವರ್ಷ ಆಗಿತ್ತು. ಆ ಓಣಿಯ ನಂಬಿಕೆ ಏನೆಂದರೆ, ಐದು ವರ್ಷದೊಳಗೆ ಕೆಲಸಕ್ಕೆ ಕೂಡದ ಕೈ ಆಮೇಲೆ ಕೂಡುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಅದಕ್ಕೇ ಮೂರು ವರ್ಷದ ಕೂಸನ್ನು ತೊಡೆಯ ಹತ್ತಿರ ಕೂರಿಸಿಕೊಂಡು ತುಂಡು ವಾದಿ ಕೊಟ್ಟು ಹೆಣಿಗೆ ಹಾಕಿಸುತ್ತಾರೆ. ಕೆಂಪವ್ವ ಮೊಮ್ಮಗಳನ್ನು ಕರೆದು ಮುಂದೆ ವಾದಿ ಇಟ್ಟಳು. ಕೂಸು ನಗುತ್ತ ಎಡಗೈ ಚಾಚಿ ಹಿಡಿಯಿತು. ಬಲಗೈಗೆ ಬದಲಿಸಿದರು. ಕೂಸು ಮತ್ತೆ ಎಡಗೈಗೆ ಬದಲಿಸಿಕೊಂಡಿತು.

"ಅಯ್ಯ, ಡಾವರಿ ಐತಿ ಇದು!" ಕೆಂಪವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ಗಡಿಯ ಈ ಕಡೆ ಎಡಗೈಯವರಿಗೆ ಮರಾಠಿಯಲ್ಲೇ ಬೈಯುವುದು ರೂಢಿ. "ಎಡಗೈಲೆ ಹೆಣದ ಕಾಲ್ಮರಿ ಹಾಕ್ಕೊಂಡಾವ ಮನಿ ಮುಟ್ಟೂದಿಲ್ಲ ಅಂತಾರ. ನಾಳೆ ಇಕಿ ಮಾಡಿದ್ದ ಯಾರ ತಗೋತಾರ? ಕಟ್ಟಬೇಕ ಕೈ."

ಕಟ್ಟುವುದು ಎಂದರೆ ಶಿಕ್ಷೆಯಲ್ಲ, ಅವರ ಲೆಕ್ಕದಲ್ಲಿ ಅದು ವಿದ್ಯೆ. ಕೂಸಿನ ಎಡಗೈಯನ್ನು ಬೆನ್ನ ಹಿಂದೆ ತಂದು ಉಡಿದಾರಕ್ಕೆ ಒಂದು ಮೆತ್ತನೆಯ ವಾದಿಯಿಂದ ಕಟ್ಟಿಬಿಡುವುದು. ಕೆಲವು ತಿಂಗಳಲ್ಲಿ ಬಲಗೈ ತಾನೇ ಕಲಿಯುತ್ತದೆ.

"ನೋವಾಗೂದಿಲ್ಲೇನ್ರಿ ಅತ್ತಿ?" ಅಕ್ಕುತಾಯಿ ಕೇಳಿದಳು.

"ಏನ ನೋವ? ಎಲ್ಲಾರೂ ಹಿಂಗ ಮಾಡ್ಯಾರ. ನಿಮ್ಮ ಕೊಗನೊಳ್ಳ್ಯಾಗ ಮಾಡೂದಿಲ್ಲೇನ?"

"ನನಗ ನೆನಪಿಲ್ರಿ" ಎಂದಳು ಅಕ್ಕುತಾಯಿ. ಕಟ್ಟಿದವಳೂ ಅವಳೇ. ಮೊದಲ ಗಂಟು ಸಡಿಲವಾಯಿತು, ಎರಡನೆಯದು ಬಿಗಿಯಾಯಿತು. ಕೂಸಿನ ಮುಖ ನೋಡದೆ ವಾದಿಯ ತುದಿಯನ್ನು ಉಡಿದಾರದೊಳಗೆ ಸಿಕ್ಕಿಸಿದಳು.

ಅದೇ ವರ್ಷ ಓಣಿಯ ತುದಿಯ ಬಾಡಿಗೆ ಕೋಣೆಯಲ್ಲಿ ಅಂಗನವಾಡಿ ಬಂತು. ಟೀಚರ್ ಹೆಸರು ಜಿನಮತಿ. ಶೇಡಬಾಳದ ಜೈನರ ಮಗಳು, ದಿನಾ ಬಸ್ಸಿಗೆ ಬರುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವಳು, ಚರ್ಮ ಮುಟ್ಟದ ನೇಮದವಳು, ಕಾಲಿಗೆ ರಬ್ಬರಿನ ಚಪ್ಪಲಿ. ಅಂಥವಳನ್ನು ತಂದು ಕಾಲ್ಮರಿ ಓಣಿಗೆ ಹಾಕಿದವರ ಬುದ್ಧಿಗೆ ಏನೆನ್ನಬೇಕೋ! ಎಲ್ಲಿ ನೋಡಿದರೂ ತೊಗಲು, ಅದನ್ನು ಹದ ಮಾಡಲು ತೊಟ್ಟಿಯಲ್ಲಿ ನೆನೆಹಾಕಿದ ಜಾಲಿ ತೊಗಟೆಯ ವಾಸನೆ. ಜಿನಮತಿ ಮೊದಲ ದಿನ ಮೂಗಿಗೆ ಸೆರಗು ಹಿಡಿದು ಬಂದಳು. ಅದು ಮರ್ಯಾದೆಯಲ್ಲ ಎನಿಸಿತೋ ಏನೋ, ಮರುದಿನದಿಂದ ಸೆರಗು ಕೆಳಗಿಳಿಯಿತು. "ನೇಮ ನಂದು, ನಿಮ್ಮ ಕೆಲಸದ ಮ್ಯಾಲ ಏನೂ ಇಲ್ರಿ" ಎಂದು ಅವಳೇ ಮನೆಮನೆಗೆ ಹೇಳಿದಳು. ಜನ ಒಪ್ಪಿಕೊಂಡರು. ಲಗಮಣ್ಣ ಮಾತ್ರ, "ಟೀಚರ್, ನಿಮಗ ಬಟ್ಟಿ ಕಾಲ್ಮರಿ ಹೊಲಿದ ಕೊಡ್ಲೇನ?" ಎಂದು ವರ್ಷಗಟ್ಟಲೆ ಕಾಡಿದ.

ಮಕ್ಕಳನ್ನು ಕಳಿಸಿ ಎಂದು ಕೇಳಲು ಬಂದಾಗ ಕೆಂಪವ್ವ ಅಡ್ಡ ನಿಂತಳು. "ಮುಂಜಾನಿ ನಿಮ್ಮಲ್ಲಿ ಆಟ ಆಡಕೋತ ಕುಂತರ ಕೈ ಯಾವಾಗ ಕೂಡಬೇಕ್ರಿ? ಆಟ ಆಡಿದ್ದ ಕೂಳ ಹಾಕತೈತೇನ?"

"ಆಟದಾಗ ಕೈ ಕೂಡತೈತಿ ಅಜ್ಜಿ."

"ಹೌದೌದು. ಮತ್ತ ನಿದ್ದ್ಯಾಗ ಸಾಲಿ ಕಲೀತಾವ!"

ಅಕ್ಕುತಾಯಿ ಕಂಬಕ್ಕೊರಗಿ ಎಡಗೈ ಬೆನ್ನ ಹಿಂದಿಟ್ಟುಕೊಂಡು ನಿಂತಿದ್ದಳು. ಅತ್ತೆ ಮಾತಾಡಿದಾಗ ಅತ್ತೆ ಹೇಳುವುದೇ ಖರೆ ಅನ್ನಿಸುತ್ತಿತ್ತು. ಟೀಚರ್ ಮಾತಾಡಿದಾಗ ಟೀಚರ್ ಹೇಳುವುದು. ಕೊನೆಗೆ ಜ್ಞಾನದೇವ ಅಟ್ಟೆಯಿಂದ ತಲೆಯೆತ್ತದೆ, "ಗಂಜಿ ಕೊಡ್ತಾರಂತ, ಹೋಗ್ಲಿ ಬಿಡ್ರಿ" ಎಂದ. ಗಂಜಿಯ ದೆಸೆಯಿಂದ ಸಾರಿಕಾ ಅಂಗನವಾಡಿ ಸೇರಿದಳು.

ಸೇರಿಸಿದ್ದೇನೋ ಸರಿ. ಹೋಗುವಾಗ ಕೈ ಬಿಚ್ಚಿ ಕಳಿಸಬೇಕೋ, ಕಟ್ಟೇ ಕಳಿಸಬೇಕೋ? ಅತ್ತೆ ಹೊಲದ ಕಡೆ ಹೋಗಿದ್ದಳು, ಕೇಳೋಣವೆಂದರೆ ಇಲ್ಲ. ಅಕ್ಕುತಾಯಿ ಕಟ್ಟಿದ ಕೈಯಲ್ಲೇ ಕೂಸನ್ನು ಕರೆದೊಯ್ದು ಬಾಗಿಲಲ್ಲಿ ಬಿಟ್ಟಳು.

ಜಿನಮತಿ ಕೂಸನ್ನು ಒಳಗೆ ಕರೆದುಕೊಂಡಳು. ಲಂಗದ ಹಿಂದೆ ಕೈ ಕಂಡಿತು. ತಿರುಗಿಸಿ ನೋಡಿದಳು. ಚರ್ಮದ ವಾದಿ. ಒಂದು ಗಳಿಗೆ ಅವಳ ಕೈ ಗಾಳಿಯಲ್ಲೇ ನಿಂತಿತು. ಹೊರಗೆ ನಿಂತ ಅಕ್ಕುತಾಯಿ ಅದನ್ನು ಚೆನ್ನಾಗಿ ನೋಡಿದಳು. ಅಂಗನವಾಡಿಯ ಆಯಾಳನ್ನು ಕರೆದು ಬಿಚ್ಚಿಸಬಹುದಿತ್ತು. ಕರೆಯಲಿಲ್ಲ. ನೆಲಕ್ಕೆ ಮೊಳಕಾಲೂರಿ ತನ್ನ ಬೆರಳಿನಿಂದಲೇ ಆ ಬಿಗಿ ಗಂಟನ್ನು ಎಳೆದು ಎಳೆದು ಬಿಚ್ಚಿದಳು. ಕೂಸಿನ ಕೈ ಮುಂದಕ್ಕೆ ತಂದು ತನ್ನ ಎರಡೂ ಅಂಗೈ ನಡುವೆ ಉಜ್ಜಿದಳು. ಆಮೇಲೆ ಹೊರಗೆ ಬಂದು ವಾದಿಯನ್ನು ಅಕ್ಕುತಾಯಿಯ ಅಂಗೈಯಲ್ಲಿಟ್ಟಳು.

"ಯಾರ ಕಟ್ಟಿದ್ರು?"

"ನಾನ ರೀ."

"ಯಾಕ?"

ಅತ್ತೆ ಹೇಳಿದ ಕಾರಣಗಳನ್ನೆಲ್ಲ ಬಿಟ್ಟು ಅಕ್ಕುತಾಯಿ, "ಚಲೋ ಆಗ್ಲಿ ಅಂತ ರೀ" ಎಂದಳು. ಅದು ಖರೆಯೇ ಆಗಿತ್ತು.

"ನನ್ನ ಹತ್ರ ಇರೂತನಕ ಕಟ್ಟೂದಿಲ್ಲ. ಮನ್ಯಾಗ ನಿಮ್ಮ ಇಚ್ಛಾ" ಎಂದು ಜಿನಮತಿ ಒಳಗೆ ಹೋಗಿ ಕೈ ತೊಳೆದುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ, ಅತ್ತ ದರಿ ಇತ್ತ ಪುಲಿ. ಮುಂಜಾನೆ ಅಂಗನವಾಡಿಯಲ್ಲಿ ಕೈ ಬಿಚ್ಚಿ, ಮಧ್ಯಾಹ್ನ ಮನೆಯಲ್ಲಿ ಕಟ್ಟಿ. ಅಲ್ಲಿ ಹುಣಸೆಬೀಜ ಬೇರೆ, ಹುರುಳಿ ಬೇರೆ ಮಾಡಿಸುತ್ತಿದ್ದರು. ಹಳೆಯ ಕ್ಯಾಲೆಂಡರಿನ ಕಾಗದ ಸೀಳಿ, ಒಂದು ಮೇಲೆ ಒಂದು ಕೆಳಗೆ ತೂರಿಸಿ ಚಾಪೆ ಹೆಣೆಸುತ್ತಿದ್ದರು. ಮನೆಗೆ ಹೋಗುವ ಮುಂಚೆ ಬಾಗಿಲಲ್ಲಿ ರಾಶಿಬಿದ್ದ ಮಕ್ಕಳ ಕಾಲ್ಮರಿಗಳನ್ನು ಕಲಸಿಬಿಟ್ಟು ಜೋಡಿ ಹುಡುಕುವ ಆಟ. ಕರೆದೊಯ್ಯಲು ಬಂದ ಅಕ್ಕುತಾಯಿ ತಾನೂ ಮನಸ್ಸಿನಲ್ಲೇ ಒಂದು ಜೋಡಿ ಹುಡುಕಲು ಹೋಗಿ, ಅದು ಎರಡೂ ಬಲಗಾಲಿನದ್ದೇ ಆಗಿ, ಅಷ್ಟರಲ್ಲಿ ಮೂಗು ಸೋರುವ ಚಿಳ್ಳೆಗಳೆಲ್ಲ ತಮ್ಮ ತಮ್ಮದು ತೊಟ್ಟು ಓಡಿಹೋಗಿರುತ್ತಿದ್ದವು. ಈ ಆಟದಿಂದ ಏನಾಗುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ. ಕೇಳಲು ನಾಚಿಕೆ.

ಮೊದಮೊದಲು ಮನೆಯಲ್ಲಿ ಕಟ್ಟುವಾಗ ಸಾರಿಕಾ ಕೊಸರಾಡಿದಳು, ಅತ್ತಳು. ಅಳು ಇರುವವರೆಗೆ ಅಕ್ಕುತಾಯಿಗೆ ಸಹಿಸುವುದು ಆಗುತ್ತಿತ್ತು. ಎಣ್ಣೆ ಹಚ್ಚುವಾಗಲೂ ಮಕ್ಕಳು ಅಳುತ್ತವೆ. ಒಂದು ಮಧ್ಯಾಹ್ನ ಅಂಗನವಾಡಿಯಿಂದ ಬಂದ ಕೂಸು ಅಳಲಿಲ್ಲ. ನೇರ ಬಂದು ತಾಯಿಯ ಮುಂದೆ ಬೆನ್ನು ತಿರುಗಿಸಿ ನಿಂತು, ತಾನೇ ಎಡಗೈಯನ್ನು ಹಿಂದಕ್ಕೆ ತಂದು ಉಡಿದಾರದ ಹತ್ತಿರ ಇಟ್ಟು ಹೇಳಿತು:

"ಆಯಿ, ಕಟ್ಟ."

ಅಕ್ಕುತಾಯಿಯ ಕೈಯಲ್ಲಿದ್ದ ವಾದಿ ಕೆಳಗೆ ಬಿತ್ತು. ಆ ಪುಟ್ಟ ಬೆನ್ನು, ತಾನಾಗಿ ಹಿಂದೆ ಬಂದು ಕಾಯುತ್ತಿರುವ ಪುಟ್ಟ ಕೈ. ಎಲ್ಲೋ ನೋಡಿದ್ದೇನೆ ಎನ್ನಿಸಿತು. ಎಲ್ಲಿ? ತಿಳಿಯಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅಳು ಬಂತು, ಅದಕ್ಕೆ ಮಾತ್ರ ಕಾರಣ ಬೇಕಿರಲಿಲ್ಲ.

"ಕೆಂಪವ್ವಜ್ಜಿ ಕೇಳಿದ್ರ, ವಾದಿ ಕಳೀತು ಅನ್ನೂಣು, ಹಾಂ?" ಎಂದು ಕೂಸಿನ ಕಿವಿಯಲ್ಲಿ ಹೇಳಿ, ವಾದಿಯನ್ನು ಅಕ್ಕಿ ಡಬ್ಬಿಯ ತಳಕ್ಕೆ ತುರುಕಿದಳು.

ಕೆಂಪವ್ವ ಕೇಳಿದಳು. "ಎಲ್ಲಿಟ್ನೋ ಏನೋ ರೀ ಅತ್ತಿ" ಎಂದಳು ಅಕ್ಕುತಾಯಿ. ಮುದುಕಿ ಬೇರೆ ವಾದಿ ಕೊಟ್ಟಳು. ಅದೂ ಕಳೆಯಿತು. ಮತ್ತೊಂದು ಕೊಟ್ಟಳು. ಅದರ ಗತಿಯೂ ಅದೇ. ಬೇರೆ ಯಾವ ಸೊಸೆಯಾದರೂ ಮೂರನೆಯ ಸಲಕ್ಕೆ ಸಿಕ್ಕಿಬೀಳುತ್ತಿದ್ದಳು. ಆದರೆ ಕಾಲಿಗೆ ಯಾವ ಕಾಲ್ಮರಿ ಹಾಕಬೇಕೆಂದು ತಿಳಿಯದವಳು ವಾದಿ ಕಳೆದರೆ ಯಾರಿಗೆ ಅನುಮಾನ? ಇಡೀ ಆಯುಷ್ಯದಲ್ಲಿ ಅವಳ ಗೊಂದಲ ಅವಳಿಗೆ ಉಪಕಾರ ಮಾಡಿದ್ದು ಅದೊಂದೇ ಸಲ.

ಕಟ್ಟುವುದೇನೋ ನಿಂತಿತು. ಆದರೆ ಕೆಂಪವ್ವ ಬಗ್ಗುವ ಮುದುಕಿಯಲ್ಲ. "ಹಂಗಾರ ಇಕಿ ವಾದಿ ಮುಟ್ಟೂದ ಬ್ಯಾಡ. ಎಡಗೈ ನನ್ನ ಮನಿ ಮಾಲಿಗೆ ಹತ್ತಬಾರ್ದು" ಎಂದು ಆಣೆ ಹಾಕಿಬಿಟ್ಟಳು. ಸಾರಿಕಾ ತೊಡೆಯ ಹತ್ತಿರದಿಂದ ಎದ್ದು ಹೋದಳು. ಅಂಗನವಾಡಿ ಮುಗಿಸಿದಳು, ಸಾಲಿಗೆ ಹೋದಳು, ಎಡಗೈಯಲ್ಲೇ ಬರೆದಳು. ಓಣಿಯ ಓರಗೆಯ ಹುಡುಗಿಯರು ಪಟ್ಟಿ ಹೆಣೆದು ತಮ್ಮ ರಿಬ್ಬನ್ನು ತಾವು ಕೊಳ್ಳುವ ಹಾಗಾದರು. ಇವಳ ಕೈಗೆ ಆರಿ ಬರಲೇ ಇಲ್ಲ.

ಅಕ್ಕುತಾಯಿಗೆ ಒಳಗೊಳಗೇ ಕೊರೆಯತೊಡಗಿತು. ಮೂರು ವರ್ಷದ ಕೂಸಿನ ಕೈ ಬಿಚ್ಚಿ ಪುಣ್ಯ ಕಟ್ಟಿಕೊಂಡೆನೋ, ಕುಲಕಸುಬನ್ನೇ ಅದರ ಕೈಯಿಂದ ಕಸಿದೆನೋ? ಓದಿ ನೌಕರಿ ಸಿಕ್ಕರೆ ಸರಿ. ಸಿಗದಿದ್ದರೆ? ಓಣಿಯ ಹೆಂಗಸರು ನೀರಿನ ನಳದ ಹತ್ತಿರ ಚುಚ್ಚುತ್ತಿದ್ದರು, "ಅಕ್ಕುತಾಯಿ, ನಿನ್ನ ಮಗಳು ಅಂಗನವಾಡ್ಯಾಗ ಕಾಗದದ ಚಾಪಿ ಹೆಣದಾಳಲ್ಲ, ಅದನ್ನ ಹಾಸಿ ಮಕ್ಕೊಂಡ್ರ ನಿದ್ದಿ ಬರತೈತೇನ?" ಅವಳು ಕೊಡ ತುಂಬಿಸಿಕೊಂಡು ಬರುತ್ತಿದ್ದಳು, ಎಷ್ಟೋ ಸಲ ಬೇರೆಯವರ ಕೊಡ.

ಸಾರಿಕಾ ಏಳೆಂಟನೇ ಇಯತ್ತೆಯಲ್ಲಿದ್ದಾಗ ಕೆಂಪವ್ವ ಹಾಸಿಗೆ ಹಿಡಿದಳು. ಒಂದು ಸಂಜೆ ಸೊಸೆ ಗಂಜಿ ಕುಡಿಸುತ್ತಿದ್ದಾಗ ಮುದುಕಿ ಕಣ್ಣು ತೆರೆದು ಹೇಳಿದಳು, "ವಾದಿ ನೀ ಕಳೀಲಿಲ್ಲ."

ಅಕ್ಕುತಾಯಿಯ ಚಮಚ ನಿಂತಿತು.

"ಅಕ್ಕಿ ಡಬ್ಬ್ಯಾಗ ಇದ್ವು. ಅವತ್ತ ನೋಡಿದ್ನಿ."

"ಮತ್ತ ಯಾಕ ಬೈಲಿಲ್ರಿ ಅತ್ತಿ?"

ಕೆಂಪವ್ವ ಸೊಸೆಯ ಕಡೆಗೆ ಮಗ್ಗುಲಾದಳು. "ನೀ ಮಾಡಿದ್ದ ಚಲೋನೋ ಕೆಟ್ಟದ್ದೋ, ನನಗೂ ತಿಳೀವಲ್ದಾಗಿತ್ತ" ಎಂದು ಬಾಯಿ ತೆರೆದಳು, ಗಂಜಿಗೆ. ಇಷ್ಟು ವರ್ಷ ತನಗೊಬ್ಬಳಿಗೇ ತಿಳಿಯುವುದಿಲ್ಲ ಎಂದುಕೊಂಡಿದ್ದ ಅಕ್ಕುತಾಯಿಗೆ ಅಂದು ಅತ್ತೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಕೆಲವೇ ದಿನಕ್ಕೆ ಮುದುಕಿ ಹೋದಳು. ಅವಳ ಜೊತೆ ಮನೆಯ ಎಡಗಾಲೂ ಹೋಯಿತು.

ಅಲ್ಲಿಂದ ಮುಂದಿನ ವರ್ಷಗಳು ಹೇಗೋ ತೆವಳಿದವು. ಎಡಗಾಲಿನದ್ದನ್ನು ಒಮ್ಮೆ ನೆರೆಯವಳ ಕೈಯಲ್ಲಿ ಮಾಡಿಸುತ್ತಿದ್ದಳು, ಒಮ್ಮೆ ತಾನೇ ಅತ್ತುಕೊಂಡು ಮಾಡುತ್ತಿದ್ದಳು. ಅಷ್ಟರಲ್ಲಿ ಊರ ಹೊರಗೆ ಅಣ್ಣಾಸಾಬ ಎಂಬ ವ್ಯಾಪಾರಿ ತಗಡಿನ ಪತ್ರಾಸಿನ ದೊಡ್ಡ ಶೆಡ್ ಹಾಕಿದ. ದೊಡ್ಡ ಊರುಗಳ ಅಂಗಡಿಗಳಿಗೆ ಮಾಲು ಕಳಿಸುವವನು. ಅವನ ಗಿರಾಕಿಗಳು ಜೋಡಿಯನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತಾರಂತೆ, ಕೂದಲೆಳೆಯಷ್ಟು ವಾಲು ತಪ್ಪಿದರೂ ವಾಪಸ್. ಒಂದು ದಿನ ಅವನು ಅಕ್ಕುತಾಯಿಯ ಮನೆಗೇ ಬಂದು ಅವಳ ಜೋಡಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟ.

"ಅಕ್ಕುತಾಯಿ, ಬಲಗಾಲ ನೋಡಿದ್ರ ಕೈ ಮುಗೀಬೇಕ ಅನಸ್ತೈತಿ. ಎಡಗಾಲ ನೋಡಿದ್ರ ಕಣ್ಣ ಮುಚಗೋಬೇಕ ಅನಸ್ತೈತಿ. ಇನ್ನ ಮ್ಯಾಲ ಜೋಡಿ ಕೂಡಿದ್ರ ಕೆಲಸ, ಇಲ್ಲಾಂದ್ರ ಇಲ್ಲ. ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಲು ಏನಿದೆ, ಅವನು ಹೇಳಿದ್ದು ಖರೆ. ಅವನು ಹೋದ ಮೇಲೆ ಅಕ್ಕುತಾಯಿ ಒಂದು ಎಡಗಾಲಿನ ಪಟ್ಟಿ ತೆಗೆದುಕೊಂಡು ಕೂತಳು. ಹೆಣೆದಳು, ಬಿಚ್ಚಿದಳು. ಮತ್ತೆ ಬಿಚ್ಚಿದಳು. ಹೆಣೆಯುವ ಕೈ ಹೋದರೆ ಈ ಓಣಿಯಲ್ಲಿ ತಾನು ಯಾರು? ದಾರಿ ತಪ್ಪುವ ಹೆಂಗಸು, ಅಷ್ಟೇ. ವಾದಿಯ ಮೇಲೆ ಕಣ್ಣೀರು ಬಿದ್ದು ಅದು ಮತ್ತೂ ಜಾರಿತು.

ಪಿಯುಸಿ ಮುಗಿಸಿ ಮನೆಯಲ್ಲೇ ಇದ್ದ ಸಾರಿಕಾ ಇದನ್ನೆಲ್ಲ ಬಾಗಿಲಿಗೊರಗಿ ನೋಡುತ್ತಿದ್ದಳು. ಬಂದು ತಾಯಿಯ ಎದುರು ಕೂತಳು. "ಇಲ್ಲಿ ಕೊಡ ಆಯಿ."

"ನಿನಗೇನ ಬರತೈತಿ? ಕೈ ಕೂಡಿಲ್ಲ ನಿಂದು."

"ಕೊಡ ಅಂದ್ರ."

ಎಡಗೈಗೆ ಆರಿ ಹಿಡಿದಳು. ಸತ್ತ ಅತ್ತೆಯ ಆಣೆ ನೆನಪಾಗಿ ಅಕ್ಕುತಾಯಿ ಒಮ್ಮೆ ಬಾಗಿಲ ಕಡೆ ನೋಡಿದಳು. ಹುಡುಗಿಯ ಮೊದಲ ಪಟ್ಟಿ ಹಾಳಾಯಿತು, ಎರಡನೆಯದೂ ಹಾಳು. ಬೆರಳಿಗೆ ಚುಚ್ಚಿಕೊಂಡು ರಕ್ತ ಚೀಪಿದಳು. ಹುಟ್ಟಿದಾಗಿನಿಂದ ಮಾಡಿದವರ ಹಾಗೆ ಬಂದುಬಿಟ್ಟಿತು ಎಂದರೆ ಸುಳ್ಳಾದೀತು. ಆದರೆ ವಾರ ಕಳೆಯುವುದರೊಳಗೆ ವಾಲು ಹಿಡಿಯಿತು, ತಿಂಗಳು ತುಂಬುವುದರೊಳಗೆ ಎಡಗಾಲಿನ ಪಟ್ಟಿ ತಾಯಿಯ ಬಲಗಾಲಿನ ಪಟ್ಟಿಯ ಮಗ್ಗುಲಲ್ಲಿ ಕೂತು, ಹೌದು, ನಾನೂ ಇದ್ದೇನೆ ಅಂದಿತು. ಐದರೊಳಗೆ ಕೂಡದ ಕೈ ಹದಿನೆಂಟಕ್ಕೆ ಹೇಗೆ ಕೂಡಿತು?

"ಯಾರ ಕಲಿಸಿದ್ರಬೇ ನಿನಗ?" ಅಕ್ಕುತಾಯಿ ಕೇಳಿದಳು.

"ಯಾರೂ ಇಲ್ಲ. ಒಂದ ಮ್ಯಾಲ, ಒಂದ ಕೆಳಗ. ಜಿನಮತಿ ಟೀಚರ್ ಕಾಗದದ ಚಾಪಿ ಮಾಡಸ್ತಿದ್ರಲ್ಲ, ಹಂಗ ಐತಿ."

"ಅದ ಆಟ ಅಲ್ಲೇನ?"

"ಆಟನ ಆಯಿ."

ಅಣ್ಣಾಸಾಬನಿಗೂ ಇದು ಬಗೆಹರಿಯಲಿಲ್ಲ. ಅವನ ಶೆಡ್ಡಿಗೆ ಬರುವ ಹುಡುಗಿಯರಲ್ಲಿ ಆ ಅಂಗನವಾಡಿಯಲ್ಲಿ ಕೂತೆದ್ದವರು ಒಂದು ಸಲ ತೋರಿಸಿದರೆ ಹಿಡಿದುಬಿಡುತ್ತಿದ್ದರು, ತಪ್ಪಿದರೆ ಎಲ್ಲಿ ತಪ್ಪಿದೆ ಎಂದು ತಾವೇ ಹುಡುಕುತ್ತಿದ್ದರು. ತೊಡೆಯ ಹತ್ತಿರ ಕಲಿತವರ ಕೈ ಚುರುಕು, ಹೊಸ ನಮೂನೆ ಕೊಟ್ಟರೆ ಮಾತ್ರ ಕಕ್ಕಾಬಿಕ್ಕಿ. "ಆ ಟೀಚರ್ ಗಂಜ್ಯಾಗ ಏನ ಹಾಕಿ ಕುಡಸ್ತಿದ್ರೋ!" ಎನ್ನುತ್ತಿದ್ದ. ಜಿನಮತಿಗೆ ಅಷ್ಟು ಹೊತ್ತಿಗೆ ಬೇರೆ ಊರಿಗೆ ಬದಲಿಯಾಗಿತ್ತು, ಕೇಳೋಣವೆಂದರೆ ಇರಲಿಲ್ಲ. ಅವನು ಹೆಚ್ಚು ಯೋಚಿಸುವ ಗಿರಾಕಿಯೂ ಅಲ್ಲ. ಹೊರಗಿನಿಂದ ಕಲಿಸುವವರನ್ನು ಕರೆಸುವುದು ಬಿಟ್ಟು, ಹೊಸ ಹುಡುಗಿಯರಿಗೆ ಕಲಿಸಲು, ಅಷ್ಟು ಹೊತ್ತಿಗೆ ಎರಡೂ ಕಾಲಿನ ಹೆಣಿಗೆ ಕಲಿತಿದ್ದ ಸಾರಿಕಾಳನ್ನೇ ಕೂರಿಸಿದ. ಎಡಗೈಯಲ್ಲಿ ಹೆಣೆದ ಕಾಲ್ಮರಿ ತೊಟ್ಟವರೆಲ್ಲ ಮನೆ ಮುಟ್ಟಿದರೋ ಇಲ್ಲವೋ, ಯಾರೂ ವಾಪಸ್ ಬಂದು ಹೇಳಲಿಲ್ಲ.

ಅಕ್ಕುತಾಯಿಯ ಎದೆಯ ಭಾರ ಅರ್ಧ ಇಳಿಯಿತು. ಮಗಳ ಕೈ ಕೆಟ್ಟಿಲ್ಲ. ಇನ್ನರ್ಧ ಉಳಿಯಿತು, ಯಾಕೆಂದರೆ ಈಗ ಅವಳ ಕೈಯೇ ಕೆಡತೊಡಗಿತ್ತು. ಮುಂದಿನ ವರ್ಷ ಬಲ ಮಣಿಕಟ್ಟು ಊದಿಕೊಂಡು ಆರಿ ಒತ್ತಿದರೆ ಜೀವ ಹೋದಂತೆ ಆಗತೊಡಗಿತು. ಡಾಕ್ಟರು ಪಟ್ಟಿ ಸುತ್ತಿ, ಈ ಕೈಗೆ ಇನ್ನು ಕೆಲಸ ಬೇಡ ಎಂದರು. ಎಡಗಾಲು ಮೊದಲೇ ಬಾರದು, ಈಗ ಬಲಗಾಲೂ ಹೋಯಿತು. ಒಂದು ಮಧ್ಯಾಹ್ನ ಮಗಳಿಗೆ ಬುತ್ತಿ ಕೊಡಲು ಶೆಡ್ಡಿಗೆ ಹೋದವಳು ತನ್ನ ಆರಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಳು.

"ಇದನ್ನ ನೀನ ಇಟ್ಟಕೋ. ನನಗ ಇನ್ನ ಯಾಕ ಬೇಕ."

ಸಾರಿಕಾ ಆರಿಯನ್ನು ತೆಗೆದುಕೊಂಡು ತಾಯಿಯ ಮುಖ ನೋಡಿದಳು. ಒಂದು ಪಟ್ಟಿ ಮುಂದಿಟ್ಟು, ಆರಿಯನ್ನು ತಾಯಿಯ ಎಡಗೈಗೆ ಕೊಟ್ಟಳು. "ಈ ಕೈಲೆ ನೋಡ."

"ಹುಚ್ಚ ಹಿಡೀತೇನ? ನಾ ಏನ ಡಾವರಿ ಇದ್ದೀನೇನ?"

"ಸುಮ್ನ ನೋಡ. ಹುಡಗ್ಯಾರಿಗೂ ಹಿಂಗ ಎರಡೂ ಕೈಲೆ ಮಾಡ್ಸಿ ನೋಡ್ತೀನಿ."

ಮಗಳ ಮಾತಿಗೆ, ಬೇಸರಕ್ಕೆ, ಹೇಗೂ ಬರುವುದಿಲ್ಲವೆಂಬ ಧೈರ್ಯಕ್ಕೆ ಅಕ್ಕುತಾಯಿ ಕೂತು ಒತ್ತಿದಳು. ಆರಿ ಜಾರಿತು. ಮತ್ತೆ ಒತ್ತಿದಳು. ವಾದಿ ತೂರಿಸಿದಳು, ಎಳೆದಳು. ಎಳೆತ ಒರಟಾಗಿತ್ತು, ಆದರೆ ಕೈ ಹೆದರಲಿಲ್ಲ. ಮತ್ತೊಂದು ಎಳೆ. ಮತ್ತೊಂದು. ಯಾವ ಕಡೆ ವಾಲಬೇಕು ಎಂದು ಅವಳು ಕೇಳಿಕೊಳ್ಳಲಿಲ್ಲ. ತಲೆಯೊಳಗೆ ಬಸ್ ಸ್ಟ್ಯಾಂಡ್ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಣ್ಣೆತ್ತಿದರೆ ಸುತ್ತಲೂ ಹುಡುಗಿಯರು ಬಂದು ನಿಂತಿದ್ದರು. ಕೈಯಲ್ಲಿದ್ದದ್ದು ಎಡಗಾಲಿನ ಪಟ್ಟಿ. ಹೆಣಿಗೆ ಎಡಕ್ಕೆ ವಾಲಿತ್ತು, ಸರಿಯಾಗಿ.

ಅವಳಿಗೆ ಭಯವಾಯಿತು. ಪಟ್ಟಿ ಕೆಳಗಿಟ್ಟು ತಟ್ಟನೆ ಎದ್ದು ನಿಂತಳು. ನಿಂತ ಕೂಡಲೇ ಎಡಗೈ ತಾನಾಗಿ ಹಿಂದಕ್ಕೆ ಸರಿದು ಬೆನ್ನ ಹಿಂದೆ ನಡುವಿನ ಹತ್ತಿರ ಹೋಗಿ ಕೂತಿತು.

ಸಾರಿಕಾ ಆ ಕೈಯನ್ನೇ ನೋಡುತ್ತಿದ್ದಳು. "ಆಯಿ, ನಿನಗೂ ಕಟ್ಟಿದ್ರೇನ?"

"ನನಗ ನೆನಪಿಲ್ಲ." ಯಾವಾಗಲೂ ಹೇಳುತ್ತಿದ್ದ ಮಾತು. ಆದರೆ ಈ ಸಲ ಹೇಳಿದ ಮೇಲೆ ಅವಳು ಹುಡುಕಿದಳು. ಕೊಗನೊಳ್ಳಿಯ ಮನೆ, ತೊಗಟೆಯ ವಾಸನೆ, ತಾಯಿಯ ತೊಡೆ. ಬೆನ್ನು ತಿರುಗಿಸಿ ನಿಂತ ಒಂದು ಕೂಸು, ಆಯಿ ಕಟ್ಟ ಎನ್ನುವ ದನಿ. ಅದು ಸಾರಿಕಾಳ ದನಿಯೋ ತನ್ನದೋ? ಬಿಡಿಸಿಕೊಳ್ಳಲು ಆಗಲಿಲ್ಲ. ಯಾರನ್ನು ಬೈಯುವುದು? ತನ್ನ ತಾಯಿಯೂ ಚಲೋ ಆಗಲಿ ಎಂದೇ ಕಟ್ಟಿದ್ದಾಳು, ತಾನು ಕಟ್ಟಿದ ಹಾಗೆಯೇ. ಈಗ ಅವಳೂ ಇಲ್ಲ, ಕೆಂಪವ್ವನೂ ಇಲ್ಲ. ಇರುವುದು ಈ ಕೈ ಒಂದೇ. ನಲವತ್ತು ದಾಟಿದರೂ ಇನ್ನೂ ಹಿಂದೆ ಹೋಗಿ ನಿಲ್ಲುವ ಕೈ.

ಕೈ ಮುಂದಕ್ಕೆ ತರೋಣವೆಂದರೆ ಬರಲಿಲ್ಲ. ಏನೂ ಹಿಡಿದಿರಲಿಲ್ಲ, ಆದರೂ ಬರಲಿಲ್ಲ. ಅಷ್ಟು ಹುಡುಗಿಯರ ಮುಂದೆ ಅಕ್ಕುತಾಯಿ ಮಗಳಿಗೆ ಬೆನ್ನು ತಿರುಗಿಸಿ ನಿಂತಳು.

"ಸಾರಿಕಾ, ಬಿಚ್ಚ" ಎಂದಳು.

ಹುಡುಗಿಯರಲ್ಲಿ ಒಬ್ಬಳು ನಗಲು ಹೋಗಿ ನಿಲ್ಲಿಸಿದಳು. ಅಲ್ಲಿ ಬಿಚ್ಚಲು ಏನೂ ಇರಲಿಲ್ಲ. ಸಾರಿಕಾ ನೆಲಕ್ಕೆ ಮೊಳಕಾಲೂರಿದಳು. ಇಲ್ಲದ ಗಂಟನ್ನು ಬೆರಳಿನಿಂದ ಹುಡುಕಿ, ಎಳೆದು ಎಳೆದು, ನಿಧಾನವಾಗಿ ಬಿಚ್ಚಿದಳು. ತಾಯಿಯ ಕೈ ಹಿಡಿದು ಮುಂದಕ್ಕೆ ತಂದು ತನ್ನ ಎರಡೂ ಅಂಗೈ ನಡುವೆ ಉಜ್ಜಿದಳು. ಆಮೇಲೆ ತಾಯಿ ಮಗಳು ಕೂತು ಆ ಜೋಡಿ ಮುಗಿಸಿದರು, ಬಲಗಾಲಿನದ್ದು ಮಗಳು, ಎಡಗಾಲಿನದ್ದು ಅಕ್ಕುತಾಯಿ.